ಮಸಿ ಕಾರಿದ ಸ್ಟೌವು

ರಾಜಾಜಿನಗರದ ನಮ್ಮ ಭಾವನ ಮನೆಯಲ್ಲಿ ಆ ಬೆಳಿಗ್ಗೆ ಪಂಪ್ ಸ್ಟೌವು ಕಾರಿದ ಮಸಿಗೆ ಬಿನ್ನಿಪೇಟೆ ಮಿಲ್ಲಿನ ಚಿಮಣಿ ನಾಚಬೇಕು! ಹಳದಿ ಉರಿ ಆಕಾಶಕ್ಕೆದ್ದಿತು. ಕಾಫಿ ಪಾತ್ರೆ, ಗೋಡೆ, ಅಡಿಗೆಯ ಪಾಪಮ್ಮನ ಮುಖ—ಎಲ್ಲವೂ ಕಪ್ಪು.

"ಸೀಮೆಎಣ್ಣೆ ಮಾರ್ಕೊಂಡು ನೀರು ಬೆರೆಸಿದೀಯ!" ಭಾವ ಹನುಮಂತಯ್ಯ ಗುಡುಗಿದರು. "ಸಂಜೆಯೊಳಗೆ ಹಿತ್ತಲ ಕೋಣೆ ಖಾಲಿ ಮಾಡು!"

"ದೇವ್ರಾಣೆಗೂ ಇಲ್ಲ ಬುದ್ಧಿ! ನಾನೆಲ್ಲಿಗೆ ಹೋಗ್ಲಿ?"

ಪಾಪಮ್ಮ ಸೆರಗಿನಲ್ಲಿ ಮುಖದ ಮಸಿ ಒರೆಸಿಕೊಂಡಳು. ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ಸೂರಿಲ್ಲ.

ಊರಿನ ಪತ್ತೇದಾರರನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುವ ಚನ್ನಕೇಶವ ನಾನು—ಸುಮ್ಮನಿರುವೆನೆ? ಸ್ಟೌವು ರಿಪೇರಿಯ ವೆಂಕಟಗಿರಿಯನ್ನು ಗಾಳಿಗಿಂತ ಬೇಗ ಕರೆತಂದೆ. ಧೈರ್ಯಕ್ಕಿರಲೆಂದು ಗ್ರಾಮಫೋನ್ ಹಾಕಿದೆ. ಹಾಡು ಗರಗರ ಎಂದಿತು.

"ನಿಲ್ಸಿ ಅದನ್ನ!" ಎಂದ ವೆಂಕಟಗಿರಿ.

ವೆಂಕಟಗಿರಿ ಸ್ಟೌವಿನ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಾದ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲಬೇಕು. ಎಲ್ಲರೂ ಲೋಟದ ಮೇಲೆ ಬಗ್ಗಿದೆವು.

ಒಂದು ಹನಿಯೂ ಇಲ್ಲ!

"ನೀರಿದ್ದಿದ್ರೆ ಉರಿ ಚಟಪಟ ಅಂದು ಆರೋಗ್ತಿತ್ತು ಸ್ವಾಮಿ. ಇದಕ್ಕೆ ಬರ್ನರಿನ ತೂತಿಂದ ಎಣ್ಣೆ ಜಾಸ್ತಿ ನುಗ್ತಾ ಇದೆ. ಪಾಪಮ್ಮ, ತೂತು ಕಟ್ಟಿದ್ರೆ ಚುಚ್ಚೋ ಪಿನ್ನೆಲ್ಲಿ?"

"ಮೊನ್ನೇನೇ ಮುರಿದೋಯ್ತು ಕಣಣ್ಣ. ತೂತು ಕಟ್ಕೊಂಡು ನಿನ್ನೆಯೆಲ್ಲ ಸೌದೆ ಒಲೇಲೇ ಬೇಯಿಸ್ದೆ. ಹೊಸ ಪಿನ್ನು ತರ್ತೀನಿ ಅಂದಿದ್ರು ಕೇಶವಪ್ಪನೋರು. ಬೆಳಿಗ್ಗೆ ನೋಡಿದ್ರೆ ತೂತು ಬಿಟ್ಕೊಂಡಿತ್ತು."

"ಪಿನ್ನು ತಂದ್ರಾ, ಕೇಶವಪ್ಪನೋರೆ?" ವೆಂಕಟಗಿರಿ ನನ್ನತ್ತ ತಿರುಗಿದ.

ನಾನು ಸೂರಿನ ಹೆಂಚು ಎಣಿಸತೊಡಗಿದೆ.

ವೆಂಕಟಗಿರಿ ನೇರ ಗ್ರಾಮಫೋನಿನ ಬಳಿ ಹೋಗಿ ಅದರ ಮುಳ್ಳು ಬಿಚ್ಚಿದ. "ಹಾಡು ಗರಗರ ಅಂದಿದ್ದು ಕೇಳಿಸ್ಲಿಲ್ವಾ ಯಾರಿಗೂ? ನೋಡಿ, ಮೊನೆ ಮೊಂಡಾಗಿದೆ, ಮೇಲೆ ಮಸಿ! ಕೂದಲೆಳೆಯಷ್ಟು ತೂತಿಗೆ ಇಷ್ಟು ದಪ್ಪ ಮುಳ್ಳು ತುರುಕಿದ್ರೆ ಅಗಲ ಆಗದೆ ಇರುತ್ತಾ? ಈ ಪೆಟ್ಟಿಗೆ ಮುಟ್ಟೋರು ಯಾರು ಸ್ವಾಮಿ?"

ಎಲ್ಲರ ಕಣ್ಣೂ ನನ್ನ ಮೇಲೆ!

"ಪಿನ್ನು ತರೋದು ಮರ್ತಿದ್ದೆ ಭಾವ... ಬೈತೀರಿ ಅಂತ ರಾತ್ರಿ ಆ ಮುಳ್ಳಲ್ಲೇ ಚುಚ್ದೆ... ಇವನು ಸದ್ದಿಲ್ದೆ ರಿಪೇರಿ ಮಾಡಿ ಹೋಗ್ತಾನೆ ಅಂದ್ಕೊಂಡೆ..."

"ಕೋಣೆ ಖಾಲಿ ಮಾಡ್ಬೇಕಾದೋನು ನೀನು ಕಣೋ!" ಭಾವ ಪಾಪಮ್ಮನ ಕಡೆ ತಿರುಗಿದರು. ದನಿ ಇಳಿದಿತ್ತು. "ತಪ್ಪು ನನ್ನದಮ್ಮ. ಎಲ್ಲೂ ಹೋಗ್ಬೇಡ."

ವೆಂಕಟಗಿರಿ ಸಣ್ಣ ತೂತಿನ ಹೊಸ ನಿಪ್ಪಲ್ ಹಾಕಿದ. ನೀಲಿ ಉರಿ ಭೋರೆಂದಿತು. ಪಾಪಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ನನ್ನ ಮುಂದೆ ಮಾತ್ರ ಮಸಿ ಪಾತ್ರೆ, ಒಂದು ಹಿಡಿ ಬೂದಿ, ತೆಂಗಿನ ನಾರು.

"ಮೊದ್ಲು ಇದನ್ನ ಬೆಳಗಿ, ಕೇಶವಪ್ಪ. ಆಮೇಲೆ ಕಾಫಿ."

ಬೆಳಗಿದೆ. ಮೈಸೂರು ಅರಮನೆಯ ಬೆಳ್ಳಿಗೂ ಅಂಥ ಹೊಳಪು ಬಂದಿರಲಿಕ್ಕಿಲ್ಲ!