ಉಸಿರು ಹಿಡಿದವನ ಉತ್ತರ

“ನನ್ನ ಆಕಾಶದಲ್ಲಿ ಕಾಗೆ ಕೂತಿದೆ... ಅದನ್ನ ಓಡಿಸಿಕೊಡಿ!”

ಕ್ಯಾಮೆರಾ ರಿಪೇರಿ ಅಂಗಡಿಗೆ ಬಿರುಗಾಳಿಯಂತೆ ನುಗ್ಗಿ ಅವಳು ಆಡಿದ ಮೊದಲ ಮಾತು ಅದು.

ಗೋಡೆಗೆ ಮುಖ ಮಾಡಿ, ಮೇಜಿನ ದೀಪದ ಕೆಳಗೆ ಬಗ್ಗಿ ಕೂತಿದ್ದವನು ತಿರುಗಿ ನೋಡಿದ. ಮುಖಕ್ಕೆ ಮಾಸ್ಕು. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣು ನಗುತ್ತಿತ್ತು!

ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನಗಬೇಡಿ. ಗಿರಾಕಿ ಏನು ಕೇಳಿದ್ರು ಗೊತ್ತಾ? ‘ಎಲ್ಲಾ ಫೋಟೋಗೂ ಬಂದಿದೆಯಲ್ಲಾ, ಈ ಕಾಗೆ ನಿಮ್ಮಲ್ಲೇ ಕೆಲಸಕ್ಕಿದೆಯಾ?’ ಅಂತ! ಲೆನ್ಸ್ ಒರೆಸಿ ಒರೆಸಿ ಬಟ್ಟೆ ಸವೆದುಹೋಯ್ತು, ಈ ಕಪ್ಪು ಚುಕ್ಕೆ ಮಾತ್ರ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ.”

ಅವನು ಚಿತ್ರಗಳನ್ನು ಒಂದೊಂದಾಗಿ ನೋಡಿದ.

“ಲೆನ್ಸ್ ಮೇಲಿದ್ರೆ ತಾನೇ ಒರೆಸಿದ್ರೆ ಹೋಗೋದು? ಧೂಳು ಒಳಗಿದೆ. ಸೆನ್ಸರ್ ಮೇಲೆ, ಚಿತ್ರ ಬಂದು ಬೀಳೋ ಜಾಗದಲ್ಲಿ. ಇನ್ನೊಂದು ವಿಷಯ... ಫೋಟೋದಲ್ಲಿ ಮೇಲೆ ಕಾಣ್ತಿದೆ ಅಂದ್ರೆ, ಒಳಗೆ ಅದು ಕೆಳಗಿರುತ್ತೆ. ಅಲ್ಲಿ ಎಲ್ಲಾ ತಲೆಕೆಳಗು.”

“ಹಾಗಾದ್ರೆ ನಾನು ಇಷ್ಟು ದಿನ ಹುಡುಕಿದ್ದು?”

“ಪೂರ್ತಿ ಉಲ್ಟಾ!” ಎಂದು ಅವನು ಕ್ಯಾಮೆರಾ ಎತ್ತಿಟ್ಟುಕೊಂಡ. “ಸಂಜೆ ಬನ್ನಿ. ಕಾಗೆ ಹಾರಿಹೋಗಿರುತ್ತೆ.”

ಸಂಜೆ ಅವಳು ಬಂದಾಗ ಬಾಗಿಲಲ್ಲಿ ನಿಂತು ಬರೀ ಆಕಾಶದ ಒಂದು ಚಿತ್ರ ತೆಗೆದು ತೋರಿಸಿದ. ನೀಲಿ... ಬರೀ ನೀಲಿ. ಒಂದು ಚುಕ್ಕೆಯಿಲ್ಲ.

ಆ ಖಾಲಿ ಆಕಾಶ ನೋಡಿ ಅವಳ ಕಣ್ಣು ಯಾಕೆ ತುಂಬಿಬಂತೋ! ಅದು ಅಪ್ಪ ಬಿಟ್ಟುಹೋದ ಕ್ಯಾಮೆರಾ. ಸ್ಟುಡಿಯೋ ಬಾಗಿಲು ಮುಚ್ಚದಂತೆ, ಅಮ್ಮನ ಕೈ ಸೋಲದಂತೆ ಕಾಪಾಡಿಕೊಂಡು ಬಂದದ್ದೇ ಅದು.

“ಅಪ್ಪಂದು,” ಎಂದಳು.

“ಗೊತ್ತಾಯ್ತು,” ಎಂದ ಅವನು ಮೆಲ್ಲಗೆ. “ಹಿಡಿಯೋ ಜಾಗ ಬೇರೆ ಯಾರದೋ ಕೈಗೆ ಸವೆದಿದೆ.”

ಆಮೇಲೆ ಅವಳಿಗೆ ಅಂಗಡಿಗೆ ಹೋಗಲು ಕಾರಣಗಳಿಗೇನು ಬರ! ಒಂದು ದಿನ ಸ್ಟ್ಯಾಂಡಿನ ಸ್ಕ್ರೂ ಸಡಿಲ. ಇನ್ನೊಂದು ದಿನ ಬೆಲ್ಟಿನ ಕೊಂಡಿ. ಮತ್ತೊಂದು ದಿನ ಏನೂ ಇಲ್ಲ, “ಈ ಕಡೆ ಬಂದಿದ್ದೆ” ಅಷ್ಟೇ.

ಬೀದಿಯವರು ಅವನನ್ನು ಊದಪ್ಪ ಅಂತ ಕರೆಯುತ್ತಿದ್ದರು. ಧೂಳು ಊದುವ ರಬ್ಬರಿನ ಬ್ಲೋವರ್ ಸದಾ ಅವನ ಕೈಯಲ್ಲಿ. ಹಿಸುಕುವುದು, ಪುಸ್ ಅನ್ನಿಸುವುದು. ಅವಳಿಗೆ ಮನೆಯಲ್ಲಿ ಗಿಣಿ ಅಂತ ಹೆಸರು. ಯಾಕೆಂದು ಹೇಳಬೇಕಾಗಿಲ್ಲ.

ಗಿಣಿ ಈಚೆ ಕೂತು ಮಾತಾಡುವುದು, ಊದಪ್ಪ ಆಚೆ ಬೆನ್ನು ಮಾಡಿಕೊಂಡು ಕೆಲಸ ಮಾಡುತ್ತಲೇ “ಹೂಂ... ಆಮೇಲೆ?” ಅನ್ನುವುದು. ಅವಳಿಗೆ ಆ ಬೆನ್ನೇ ಸಾಕಾಗಿತ್ತು. ನಗುವಾಗ ಅವನ ಹೆಗಲು ಅಲುಗುತ್ತಿತ್ತು. ಅಪ್ಪನ ಕೊನೆಯ ದಿನಗಳನ್ನು ಅವಳು ಹೇಳಿದಾಗ ಆ ಹೆಗಲು ಸುಮ್ಮನೆ ನಿಂತು, “ದೇವರು ಅವರನ್ನ ಚೆನ್ನಾಗಿಟ್ಟಿರಲಿ,” ಅಂದಿತ್ತು.

ಒಮ್ಮೆಯೂ ಉತ್ತರ ಕೊಡದೆ ಇರದ ಬೆನ್ನು ಅದು.

ಹಾಗಿರುವಾಗ ಮನೆಗೊಂದು ಸಂಬಂಧ ಬಂತು. ಹುಡುಗ ದೂರದ ಊರಿನವನು, ಒಳ್ಳೆಯವನಂತೆ. ಸೋದರತ್ತೆ ತಂದದ್ದು. “ಬೇಗ ಒಂದು ಮಾತು ಹೇಳೇ,” ಅಂತ ಅಮ್ಮ ಬೆನ್ನು ಬಿದ್ದಳು.

ಹೇಳುವ ಮಾತು ಅವಳಲ್ಲಿ ಇರಲಿಲ್ಲ. ಇದ್ದದ್ದು ಆ ಅಂಗಡಿಯಲ್ಲಿ.

ಆ ದಿನ ಆಕಾಶದಲ್ಲಿ ಮತ್ತೆ ಚುಕ್ಕೆ ಬಂದಿತ್ತು. ಕ್ಯಾಮೆರಾ ಕೊಟ್ಟು, “ಇವತ್ತು ಇಲ್ಲೇ ಕಾಯ್ತೀನಿ,” ಎಂದಳು. ಅವನು ತಲೆಯಾಡಿಸಿ ಗೋಡೆಯ ಕಡೆ ತಿರುಗಿದ. ಪುಸ್, ಪುಸ್ ಅಂತ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ನಿಂತಿತು.

ಈಗ ಹೇಳದಿದ್ದರೆ ಇನ್ನೆಂದೂ ಆಗದು ಅನ್ನಿಸಿ ಅವಳು ಕಣ್ಣು ಮುಚ್ಚಿಕೊಂಡಳು.

“ಮನೆಗೆ ಒಂದು ಸಂಬಂಧ ಬಂದಿದೆ. ಒಪ್ಪಿಕೊಳ್ಳಲಾ? ನೀವು... ನೀವು ಬೇಡ ಅಂದ್ರೆ, ನಾನೂ ಬೇಡ ಅಂತೀನಿ.”

ಬೆನ್ನು ಮಾತಾಡಲಿಲ್ಲ.

“ಕೇಳಿಸ್ತಾ?”

ಹೆಗಲು ಕೂಡ ಅಲುಗಲಿಲ್ಲ. ಎಡಗೈ ಮಾತ್ರ ಮೆಲ್ಲಗೆ ಮೇಲೆದ್ದು, ಅಂಗೈ ಅವಳ ಕಡೆಗೆ ತೆರೆದು ನಿಂತಿತು.

‘ಸಾಕು ಅಂತ! ಹೋಗು ಅಂತ! ಇಷ್ಟು ದಿನ ಕೇಳಿಸಿಕೊಂಡದ್ದೂ ಬರೀ ಸೌಜನ್ಯಕ್ಕೇನೋ... ನಾನೇ ಹುಚ್ಚಿ!’

ಕ್ಯಾಮೆರಾವನ್ನೂ ಅಲ್ಲೇ ಬಿಟ್ಟು ಅವಳು ಹೊರಗೆ ನಡೆದುಬಿಟ್ಟಳು.

ಮಧ್ಯಾಹ್ನ ಅವನೇ ಸ್ಟುಡಿಯೋಗೆ ಬಂದ. ಅವನ ದನಿ ಕೇಳಿದ್ದೇ ಅವಳು ಒಳಕೋಣೆಗೆ ನುಗ್ಗಿ, “ನಾನಿಲ್ಲ ಅಂತ ಹೇಳಮ್ಮ,” ಎಂದಳು.

ಅಮ್ಮ ಕ್ಯಾಮೆರಾದ ಜೊತೆ ಒಂದು ಬ್ಲೋವರನ್ನೂ ಹಿಡಿದುಕೊಂಡು ಒಳಗೆ ಬಂದಳು.

“ಏನೋ ಒಂದು ಕೆಲಸ ಅರ್ಧಕ್ಕೇ ನಿಂತಿದೆಯಂತೆ, ನೀನೇ ಬರಬೇಕಂತೆ. ಮತ್ತೆ ಇದು ನಿನಗಂತೆ. ಯಾವತ್ತಾದ್ರೂ ನೀನೇ ಊದೋದಾದ್ರೆ ಒಳಗಿನದು ತೆರೆದಿರೋವಾಗ ಬಾಯಿ ಬಿಡಲೇಬಾರದಂತೆ. ನಿನ್ನ ಕೈಲಾಗೋ ಕೆಲಸ ಅಲ್ಲ ಬಿಡು.”

ಅವಳು ನಗಲಿಲ್ಲ. ‘ಕೆಲಸವಂತೆ! ಅವನಿಗೆ ಕ್ಯಾಮೆರಾ ಒಂದೇ ಕಾಣೋದು.’

ವಾರ ಕಳೆಯಿತು. ಅವಳು ಹೋಗಲಿಲ್ಲ. ಬಯಲಲ್ಲಿ ಚಿತ್ರ ತೆಗೆಯುವಾಗ ಗಾಳಿಗೆ ಎದುರಾಗಿ ನಿಂತು ಲೆನ್ಸ್ ಬದಲಿಸಿದ್ದಕ್ಕೆ ಕಾಗೆ ಮತ್ತೆ ಹಾಜರ್. ಈ ಸಲ ಅವಳು ಹಟ ಹಿಡಿದಳು. ‘ನಾನೇ ಊದ್ತೀನಿ. ಊದಿ ಮುಗಿಸಿ, ಅಮ್ಮನಿಗೆ ಹೂಂ ಅಂದುಬಿಡ್ತೀನಿ. ಎರಡೂ ಒಂದೇ ಸಲ ಸ್ವಚ್ಛ.’

ಬಾಗಿಲು ಕಿಟಕಿ ಮುಚ್ಚಿ ಕೂತಳು. ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬ್ಲೋವರ್ ಹಿಸುಕಿದಳು. ಆಮೇಲೆ ಅದನ್ನು ಮೇಲಕ್ಕೆ ತಿರುಗಿಸಿ, ಟಾರ್ಚ್ ಹಿಡಿದು, ಬಗ್ಗಿ ನೋಡಿದಳು. ಉಸಿರು ಬಿಗಿಹಿಡಿದಳು. ಒಳಗೆ ನಿಂತ ನೀರಿನಂಥ ಹೊಳಪು. ದೇವರ ದೀಪದ ಮುಂದೆ ನಿಂತಾಗಿನಂಥ ನಿಶ್ಶಬ್ದ ಅವಳ ಮೈಗೆಲ್ಲ ಇಳಿಯಿತು.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಅಮ್ಮ! ಕಿವಿಯಲ್ಲಿ ಫೋನು.

“ಅತ್ತೆ ಲೈನಿನಲ್ಲಿದ್ದಾಳೆ ಕಣೇ. ಹುಡುಗನ ಕಡೆಯವರು ಕಾಯ್ತಿದ್ದಾರಂತೆ. ಹೂಂ ಅನ್ನಲಾ?”

ಗಿಣಿ ಬಾಯಿ ಬಿಡಲಿಲ್ಲ. ಬಿಡುವಂತಿರಲಿಲ್ಲ! ತಾಳು ಅನ್ನುವಂತೆ ಎಡಗೈ ಎತ್ತಿ ಅಂಗೈ ತೋರಿಸಿದಳು.

ಅಮ್ಮನ ಮುಖ ಅರಳಿತು. “ನೋಡು ಅತ್ತಿಗೆ, ನಾಚಿಕೆಗೆ ಮಾತೇ ಹೊರಡ್ತಿಲ್ಲ, ಕೈಯೆತ್ತಿ ಒಪ್ಪಿಕೊಂಡಳು! ಇವಳು ಸುಮ್ಮನಿರೋದು ಅಂದ್ರೆ ಸಾಮಾನ್ಯಾನಾ? ಒಪ್ಪಿದ ಹಾಗೇ ಅನ್ನು ಅವರಿಗೆ...”

ಅವಳು ತನ್ನ ಎತ್ತಿದ ಕೈಯನ್ನೇ ನೋಡಿದಳು.

ಅದೇ ಕೈ... ಅದೇ ಅಂಗೈ... ಅದೇ ಬಿಗಿಹಿಡಿದ ಉಸಿರು!

‘ಅಯ್ಯೋ ದೇವರೇ! ಆವತ್ತು ಅಂಗಡಿಯಲ್ಲಿ ಅವರು ಹೋಗು ಅನ್ನಲಿಲ್ಲ. ಅಪ್ಪನ ಕ್ಯಾಮೆರಾ ತೆರೆದಿತ್ತು! ಇಲ್ಲೂ ನಾನು ಹುಡುಕಿದ್ದು ಪೂರ್ತಿ ಉಲ್ಟಾ!’

“ಅಮ್ಮಾ! ಬೇಡ! ಹೂಂ ಅನ್ನಬೇಡ!”

ಮಾತು ಹೊರಬಿತ್ತು. ಮಾತಿನ ಜೊತೆ ಇನ್ನೊಂದೂ ಬಿತ್ತು, ನೇರ ಒಳಕ್ಕೆ.

ಅಮ್ಮ ಫೋನನ್ನು ಕೈಯಿಂದ ಮುಚ್ಚಿ, ಮಗಳ ಮುಖವನ್ನೇ ನೋಡಿದಳು. “ಆ ಊದೋ ಹುಡುಗನಾ?”

ಅವಳು ತಲೆ ತಗ್ಗಿಸಿದಳು.

“ಮೊದಲೇ ಬಾಯಿಬಿಟ್ಟು ಸಾಯೋಕೇನಾಗಿತ್ತು? ಊರಿಗೆಲ್ಲಾ ಮಾತಾಡ್ತೀಯ!” ಎಂದು ಗದರಿ ಅಮ್ಮ ಕಣ್ಣೊರೆಸಿಕೊಂಡಳು. “ಹೋಗು. ಅತ್ತೆಗೆ ನಾನು ಹೇಳ್ಕೋತೀನಿ.”

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ನೋಡಿ ಎದ್ದು ನಿಂತ. ಅವಳು ಮಾತಿಲ್ಲದೆ ಕ್ಯಾಮೆರಾ ಚಾಚಿದಳು. ಅವನು ದೀಪದ ಕೆಳಗೆ ಹಿಡಿದು ನೋಡಿದ. ಹುಬ್ಬು ಮೇಲೇರಿತು.

“ಇದು ಧೂಳಲ್ಲ...”

“ಎಂಜಲು. ನಂದೇ.”

“ಬಾಯಿ ಬಿಡಬಾರದು ಅಂತ ಹೇಳಿ ಕಳಿಸಿದ್ನಲ್ಲಾ?”

“ಬಿಡದೆ ಇದ್ದಿದ್ರೆ ಅಮ್ಮ ಆ ಸಂಬಂಧಕ್ಕೆ ಹೂಂ ಅಂದುಬಿಡ್ತಿದ್ಲು.”

ಅವನ ಕೈ ಅಲ್ಲೇ ನಿಂತಿತು.

“ಅಂದ್ರೆ... ಇನ್ನೂ ಅಂದಿಲ್ವಾ?”

“ಇಲ್ಲ.” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಆವತ್ತು ನಾನು ಕೇಳಿದಾಗ... ನಿಮ್ಮ ಕೈಯಲ್ಲಿ ಏನಿತ್ತು?”

“ಬಟ್ಟೆ ಸುತ್ತಿದ ಒದ್ದೆ ಕಡ್ಡಿ. ಸೆನ್ಸರ್ ಮೇಲೆ ಅರ್ಧ ದೂರ ಒರೆಸಿದ್ದೆ, ನಡುವೆ ನಿಲ್ಲಿಸಿದ್ರೆ ಒಣಗಿ ಕಲೆ ಆಗುತ್ತೆ. ಉಸಿರಾಡಿದ್ರೂ ಕೈ ಅಲುಗುತ್ತೆ, ಮಾಸ್ಕಿದ್ರೂ ಬಾಯಿ ತೆರೆಯೋ ಹಾಗಿರಲಿಲ್ಲ, ಕೈ ತೆಗೆಯೋ ಹಾಗೂ ಇರಲಿಲ್ಲ. ನಿಮ್ಮ ಮಾತು ಕೇಳಿದ ಮೇಲೆ ಉಸಿರು ಹಿಡಿಯೋ ಕಷ್ಟವೂ ಇರಲಿಲ್ಲ... ಅದೇ ನಿಂತುಹೋಗಿತ್ತು. ಮುಗಿಸಿ ತಿರುಗಿದ್ರೆ ನೀವಿಲ್ಲ.”

“ಸ್ಟುಡಿಯೋಗೆ ಬಂದಾಗ ಅಮ್ಮನ ಹತ್ತಿರ ಹೇಳಬಹುದಿತ್ತಲ್ಲ?”

“ನಿಮ್ಮನ್ನ ಬಿಟ್ಟು ಮೊದಲು ಅಮ್ಮನಿಗೆ ಹೇಳಲಾ? ಅದಕ್ಕೇ ಕೆಲಸ ಅರ್ಧಕ್ಕೇ ನಿಂತಿದೆ ಅಂದೆ. ನೀವು ಬರಲಿಲ್ಲ. ನಿಮಗೇ ಬೇಡವಾಯ್ತೇನೋ ಅಂತ ಸುಮ್ಮನಾದೆ.”

ಅವಳು ಸೆನ್ಸರಿನ ಕಡೆ ಬೆರಳು ತೋರಿಸಿದಳು. “ಸರಿ. ಇದನ್ನ ಮೊದಲು ಒರೆಸಿ. ಒಣಗಿದ್ರೆ ಕಲೆ ಆಗುತ್ತೆ ಅಂತ ಈಗ ತಾನೇ ನೀವೇ ಹೇಳಿದ್ರಿ.”

“ಆಗಲಿ ಬಿಡಿ. ಆಮೇಲೆ ತೆಗೀತೀನಿ.”

ಅವನು ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ದೀಪ ಆರಿಸಿದ. ಮಾಸ್ಕು ತೆಗೆದ. ಗೋಡೆಗೆ ಬೆನ್ನು ಹಾಕಿ, ಅವಳ ಎದುರು ಬಂದು ನಿಂತ.

“ಈಗ ಇನ್ನೊಂದು ಸಲ ಕೇಳಿ.”

ಗಿಣಿಗೆ ಮಾತೇ ಬರಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು.

“ಹಾಗಾದ್ರೆ ಕೇಳದಿದ್ರೂ ಹೇಳ್ತೀನಿ. ಆ ಸಂಬಂಧ ಬೇಡ. ನನಗೆ ನೀವು ಬೇಕು.”

ಹೊರಗಿನ ಬೀದಿಯ ಸದ್ದೆಲ್ಲ ದೂರ ಸರಿದ ಹಾಗಾಯಿತು. ಅವಳು ಕೆನ್ನೆ ಒರೆಸಿಕೊಂಡು, ಅಳುವಿನ ನಡುವೆಯೇ ಹುಸಿಮುನಿಸು ತೋರಿದಳು.

“ಮತ್ತೆ ಆವತ್ತು ಆ ಕೈ ಎತ್ತಿದ್ದು?”

“ತಾಳಿ ಅಂತ.”

ಅವಳ ತುಟಿಯಂಚಿನಲ್ಲಿ ನಗು ಮೂಡಿತು.

“ಯಾವ ತಾಳಿ? ಕಾಯೋದಾ... ಕಟ್ಟೋದಾ?”

ಅವನು ಮತ್ತೆ ಉಸಿರು ಬಿಗಿಹಿಡಿದ. ಈ ಸಲ ಬಿಟ್ಟ ಕೂಡಲೇ ಹೇಳಿದ.

“ಕಾಯೋದು ಮುಗೀತಲ್ಲ...”