ಗೋಡೆಯ ಮೇಲೆ ಹಳದಿ

"ಉಸಿರಾಡು, ಆದ್ರೆ ಅಲ್ಲಾಡಬೇಡ," ಅಂದಳು ಅಕ್ಕ.

"ಉಸಿರಾಡಿದ್ರೆ ಹೊಟ್ಟೆ ಅಲ್ಲಾಡತ್ತಲ್ಲ!"

"ಹೊಟ್ಟೆ ಅಲ್ಲಾಡಲಿ, ನೀನು ಅಲ್ಲಾಡಬೇಡ. ಹಾಂ, ಈಗ ಒತ್ತು."

ಸ್ಪ್ರಿಂಗ್ ಕೈಯಲ್ಲಿದ್ದ ಗುಂಡಿ ಒತ್ತಿದಳು. ಕ್ಯಾಮೆರಾ ಕ್ಲಿಕ್ ಅಂತು.

ಅವಳಿಗೆ ಬೇರೆ ಹೆಸರಿತ್ತು. ಆದರೆ ಶಾಲೆಯಲ್ಲಿ ಹಾಜರಿ ಕರೆಯುವಾಗ ಬಿಟ್ಟರೆ ಯಾರೂ ಅದನ್ನು ನೆನೆಯುತ್ತಿರಲಿಲ್ಲ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪ ಸ್ಪ್ರಿಂಗ್ ಎಂದು ಕರೆದಿದ್ದ. ಆ ಹೆಸರೇ ಅಂಟಿಕೊಂಡಿತ್ತು.

ಅದು ಅಕ್ಕನ ಕಾಲೇಜು. ಚಿತ್ರಕಲೆ, ಡಿಸೈನ್, ಆನಿಮೇಷನ್ ಎಲ್ಲ ಕಲಿಸುವ ಕಾಲೇಜು. ಉದ್ದನೆಯ ಪಡಸಾಲೆಯ ಒಂದು ಬದಿಗೆ ಇದ್ದಿಲಿನಲ್ಲಿ ಚಿತ್ರ ಬರೆಯುವ ಕೋಣೆ. ಅಲ್ಲಿಂದ ಹೊರಗೆ ಬಂದವರ ಮೂಗಿನ ತುದಿಯೂ ಕಪ್ಪಾಗಿರುತ್ತಿತ್ತು. ಪಡಸಾಲೆಯ ಕೊನೆಗೆ ಆನಿಮೇಷನ್ ಬೂತುಗಳು. ಬೂತು ಅಂದರೆ ಕಿಟಕಿಯಿಲ್ಲದ, ಕಪ್ಪು ಪರದೆ ಇಳಿಬಿಟ್ಟ ಒಂದು ಗೂಡು. ಒಳಗೆ ಒಂದು ಮೇಜು, ಒಂದು ಕ್ಯಾಮೆರಾ, ಒಂದು ಬಿಸಿ ಬಿಸಿ ಲ್ಯಾಂಪು.

ಮೇಜಿನ ಮೇಲೆ ರಟ್ಟಿನ ಲಿಫ್ಟು, ಅದರ ಹಿಂದೆ ಬೂದು ಬಣ್ಣದ ರಟ್ಟಿನ ಗೋಡೆ. ಲಿಫ್ಟಿನ ತಲೆ ಮೇಲೆ, ತಂತಿಯ ಮೈಗೆ ಕ್ಲೇ ಮೆತ್ತಿ ಮಾಡಿದ ಗೇಣುದ್ದದ ಮನುಷ್ಯ. ಲಿಫ್ಟ್ ರಿಪೇರಿಗೆಂದು ಮೇಲೆ ಹತ್ತಿದ ಅವನಿಗೆ ಅಲ್ಲೊಂದು ಪಾರಿವಾಳದ ಗೂಡು ಕಾಣುತ್ತದೆ. ಕೆಳಗೆ ಜನ ಲಿಫ್ಟ್ ಬೇಕೆಂದು ಕೂಗುತ್ತಾರೆ. ಮೇಲೆ ಪಾರಿವಾಳ ಕಣ್ಣು ಬಿಟ್ಟು ಇವನನ್ನೇ ನೋಡುತ್ತದೆ. ಏನು ಮಾಡುವುದು? ಇದೇ ಅಕ್ಕನ ಸಿನಿಮಾ. ಕಾಲೇಜಿನ ಕೊನೆಯ ವರ್ಷದ ಸಿನಿಮಾ, ಕಾಲೇಜಿನ ಶೋನಲ್ಲಿ ಎಲ್ಲರಿಗೂ ತೋರಿಸುವಂಥದ್ದು.

ಅಕ್ಕ ಕ್ಲೇ ಮನುಷ್ಯನ ಕತ್ತನ್ನು ಒಂದು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು. ಹಿಂದೆ ಸರಿದು "ಒತ್ತು" ಅನ್ನುತ್ತಿದ್ದಳು. ಕ್ಲಿಕ್. ಮತ್ತೆ ಕೂದಲೆಳೆಯಷ್ಟು. ಮತ್ತೆ ಕ್ಲಿಕ್. ಎಲ್ಲ ಫೋಟೋಗಳನ್ನೂ ಒಂದರ ಹಿಂದೊಂದು ಓಡಿಸಿದರೆ ಕ್ಲೇ ಮನುಷ್ಯ ತಾನೇ ಕತ್ತು ತಿರುಗಿಸಿದ ಹಾಗೆ ಕಾಣುತ್ತದೆ. ಬೆಳಗಿನಿಂದ ಸಂಜೆಯವರೆಗೆ ದುಡಿದರೆ ತೆರೆಯ ಮೇಲೆ ಬರುವುದು ಒಂದು ದೊಡ್ಡ ಆಕಳಿಕೆ ತೆಗೆಯುವಷ್ಟು ಹೊತ್ತು, ಅಷ್ಟೇ.

ಆ ಬೂತಿಗೆ ಬರುವವರೆಲ್ಲ ಕಪ್ಪು ಬಟ್ಟೆ ಹಾಕಬೇಕು. ಮೊದಲ ದಿನವೇ ಅಕ್ಕ ತನ್ನ ಹಳೆಯ ಕಪ್ಪು ಶರ್ಟನ್ನು ಸ್ಪ್ರಿಂಗ್‌ಗೆ ಕೊಟ್ಟಿದ್ದಳು. ಅದು ಮಂಡಿಯವರೆಗೆ ಬರುತ್ತಿತ್ತು.

"ಯಾಕೆ, ಎಲ್ಲರೂ ಕಾಗೆ ಹಿಂಡಿನ ಥರ ಇರ್ಬೇಕಾ?" ಎಂದು ಸ್ಪ್ರಿಂಗ್ ಕೇಳಿದ್ದಳು.

"ಇಲ್ಲಿನ ರೂಲ್ಸು. ಹಾಕ್ಕೋ ಸುಮ್ನೆ," ಅಂದಿದ್ದಳು ಅಕ್ಕ. ಅವಳ ಗಮನವೆಲ್ಲ ಪಾರಿವಾಳದ ಕೊಕ್ಕಿನ ಮೇಲಿತ್ತು.

ಇವತ್ತು ಸ್ಪ್ರಿಂಗ್ ಆ ಕಪ್ಪು ಶರ್ಟಿನ ಒಳಗೆ ಹಳದಿ ಟೀ ಶರ್ಟ್ ಹಾಕಿಕೊಂಡಿದ್ದಳು. ಶಾಲೆಯ ರಿಲೇ ಓಟದಲ್ಲಿ ಕೊಟ್ಟಿದ್ದ ಟೀ ಶರ್ಟು. ಅದಕ್ಕೊಂದು ಕಾರಣವಿತ್ತು.

ನಿನ್ನೆ ಕ್ಲಾಸಿನಲ್ಲಿ ಅವಳು ಜಂಬ ಕೊಚ್ಚಿಕೊಂಡಿದ್ದಳು. "ನಮ್ಮಕ್ಕ ಸಿನಿಮಾ ಮಾಡ್ತಿದಾಳೆ. ಕ್ಯಾಮೆರಾ ಒತ್ತೋದು ನಾನು!"

ಪಕ್ಕದಲ್ಲಿ ಕೂರುವ ಹುಡುಗನನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು, ಅವನ ಕನ್ನಡಕದ ಗಾಜು ಅಷ್ಟು ದಪ್ಪ. ಅವನು ಕೇಳಿದ, "ಯಾರಿದಾರೆ ಹೀರೋ?"

"ಕ್ಲೇಯಲ್ಲಿ ಮಾಡಿರೋ ಮನುಷ್ಯ."

"ಕ್ಲೇ ಗೊಂಬೆನಾ? ಅದಕ್ಕೆ ಕಾಲೇಜಿಗೆ ಹೋಗ್ಬೇಕಾ? ನನ್ನ ತಮ್ಮ ಎಲ್‌ಕೆಜಿಯಲ್ಲೇ ಮಾಡ್ತಾನೆ. ಮಾಡಿ ತಿಂದೂಬಿಡ್ತಾನೆ!"

ಇಡೀ ಬೆಂಚು ಬಿದ್ದು ಬಿದ್ದು ನಕ್ಕಿತು. ಸ್ಪ್ರಿಂಗ್‌ಗೆ ಮೈಯೆಲ್ಲ ಉರಿಯಿತು. "ಶೋಗೆ ಬಂದು ನೋಡೋ! ಸಿನಿಮಾದಲ್ಲಿ ನಾನೂ ಇರ್ತೀನಿ!" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

ಸಿನಿಮಾದಲ್ಲಿ ಇರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಕಡೇಪಕ್ಷ ಕ್ಯಾಮೆರಾ ಪಕ್ಕ ನಿಂತು ಒಂದು ಫೋಟೋ ಆದರೂ ತೆಗೆಸಿಕೊಳ್ಳಬೇಕು, ಹಳದಿ ಟೀ ಶರ್ಟಿನಲ್ಲಿ ಎಲ್ಲರಿಗೂ ಎದ್ದು ಕಾಣಬೇಕು ಎಂದುಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಬೂತು ಒಲೆಯ ಹಾಗೆ ಕಾದಿತ್ತು. ಸ್ಪ್ರಿಂಗ್ ಮೆಲ್ಲಗೆ ಕಪ್ಪು ಶರ್ಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಳು. ಅಕ್ಕ ತಿರುಗಿಯೂ ನೋಡಲಿಲ್ಲ. ಕೆಲಸಕ್ಕೆ ಬಿದ್ದರೆ ಪಕ್ಕದಲ್ಲಿ ಆನೆ ಹಾದುಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಒತ್ತು."

ಕ್ಲಿಕ್.

ಕ್ಲೇ ಮನುಷ್ಯ ಈಗ ಪಾರಿವಾಳವನ್ನು ನೋಡುವ ಹೊತ್ತು. ಸ್ಪ್ರಿಂಗ್‌ಗೆ ತಡೆಯಲಾಗಲಿಲ್ಲ. ಮುಂದೆ ಬಾಗಿ ನೋಡಿದಳು. ಹಿಂದೆ ಸರಿದಳು. ಮತ್ತೆ ಬಾಗಿದಳು.

ಸಂಜೆ ಕೆಲಸ ಮುಗಿದಾಗ ಅಕ್ಕನ ಮೇಡಂ ಬಂದರು. ಗಿಡ್ಡ ಕೂದಲು, ಎರಡು ಕಿವಿಗೂ ಸಿಕ್ಕಿಸಿದ ಪೆನ್ಸಿಲು. "ಎಲ್ಲಿ, ಓಡಿಸಮ್ಮ ನೋಡೋಣ," ಅಂದರು. ಪೂರ್ತಿ ಮುಗಿಯುವ ತನಕ ಓಡಿಸಿ ನೋಡುವ ಅಭ್ಯಾಸ ಅಕ್ಕನಿಗಿರಲಿಲ್ಲ. ನಡುವೆ ನೋಡಿದರೆ ಕೈ ನಡುಗುತ್ತದೆ ಎನ್ನುತ್ತಿದ್ದಳು.

ಲ್ಯಾಪ್‌ಟಾಪಿನ ತೆರೆಯ ಮೇಲೆ ಕ್ಲೇ ಮನುಷ್ಯ ಕತ್ತು ತಿರುಗಿಸಿದ. ಅವನ ಹುಬ್ಬು ಮೇಲೇರಿತು. ಸ್ಪ್ರಿಂಗ್ ಚಪ್ಪಾಳೆ ಹೊಡೆಯಲು ಕೈ ಎತ್ತಿದಳು.

ಆದರೆ ಅಕ್ಕನ ಮುಖ ಬಿಳುಚಿಕೊಂಡಿತ್ತು.

ಕ್ಲೇ ಮನುಷ್ಯನ ಹಿಂದಿದ್ದ ಬೂದು ಗೋಡೆ ಹಳದಿಯಾಗುತ್ತಿತ್ತು. ಮತ್ತೆ ಬೂದು. ಮತ್ತೆ ಹಳದಿ. ಯಾರೋ ಟಾರ್ಚ್ ಹಚ್ಚಿ ಆರಿಸಿ ಆಟವಾಡಿದ ಹಾಗೆ. ಅವನ ಕೆನ್ನೆಯೂ ಅಷ್ಟೇ, ಕಾಮಾಲೆ ಬಂದು ವಾಸಿಯಾಗಿ ಮತ್ತೆ ಬಂದ ಹಾಗೆ ಕಾಣುತ್ತಿತ್ತು.

"ಇದೇನಮ್ಮ ಇದು?" ಅಂದರು ಮೇಡಂ.

"ಲ್ಯಾಂಪ್ ಇರ್ಬೇಕು ಮೇಡಂ."

ಪಾಪ, ಲ್ಯಾಂಪಿನ ಮೇಲೆ ಗೂಬೆ ಕೂರಿಸಿದರು. ಬಲ್ಬ್ ಬಿಚ್ಚಿ ಮತ್ತೆ ಹಾಕಿದರು. ವೈರ್ ಅಲ್ಲಾಡಿಸಿದರು. ಪರದೆಯಲ್ಲಿ ತೂತು ಇದೆಯಾ ಎಂದು ಹುಡುಕಿದರು. ಅಕ್ಕ ನೆಲದ ಮೇಲೆ ಮಂಡಿಯೂರಿ ಪ್ಲಗ್ ನೋಡುತ್ತಿದ್ದಳು.

ಸ್ಪ್ರಿಂಗ್ ಮಾತ್ರ ಲ್ಯಾಪ್‌ಟಾಪ್ ಮುಂದೆಯೇ ನಿಂತಿದ್ದಳು. ಆ ತುಣುಕು ಮತ್ತೆ ಮತ್ತೆ ಓಡುತ್ತಿತ್ತು. ಹಳದಿ ಬಂತು. ಹೋಯಿತು. ಬಂತು. ಪಾರಿವಾಳದ ಕಡೆ ಅವನು ನೋಡುವಾಗ ಬೇಗ ಬೇಗ ಬಂತು. ಆಗ ಅವಳೂ ಬೇಗ ಬೇಗ ಬಾಗಿದ್ದಳಲ್ಲವೇ? ನಡುವೆ ಸ್ವಲ್ಪ ಹೊತ್ತು ಹಳದಿಯೇ ಇಲ್ಲ. ಆಗ ಅವಳು ನೀರು ಕುಡಿಯಲು ಹಿಂದೆ ಹೋಗಿದ್ದಳು, ಅಕ್ಕನೇ ಗುಂಡಿ ಒತ್ತಿದ್ದಳು.

ಸ್ಪ್ರಿಂಗ್ ತನ್ನ ಟೀ ಶರ್ಟ್ ನೋಡಿಕೊಂಡಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಲ್ಯಾಂಪಿನದೇ ತಪ್ಪು ಎಂದುಕೊಳ್ಳುತ್ತಾರೆ. ಹೊಸ ಲ್ಯಾಂಪ್ ತರುತ್ತಾರೆ. ಆದರೆ ನಾಳೆ ಅವಳು ಮತ್ತೆ ಬಾಗುತ್ತಾಳೆ, ಗೋಡೆ ಮತ್ತೆ ಹಳದಿಯಾಗುತ್ತದೆ.

"ಅಕ್ಕ... ಲ್ಯಾಂಪ್ ಅಲ್ಲ ಅದು."

"ಸುಮ್ನಿರು ಸ್ವಲ್ಪ."

"ಅದು ನಾನು, ಅಕ್ಕ."

ಅವಳು ಲ್ಯಾಂಪ್ ಹಚ್ಚಿ, ತನ್ನ ಜಾಗದಲ್ಲಿ ನಿಂತು, ಮುಂದೆ ಬಾಗಿದಳು. ಲ್ಯಾಂಪಿನ ಬೆಳಕು ತಾಕಿ ಟೀ ಶರ್ಟಿನ ಹಳದಿ ರಟ್ಟಿನ ಗೋಡೆಯ ಮೇಲೆ ತೆಳ್ಳಗೆ ಬಿತ್ತು. ಹಿಂದೆ ಸರಿದಳು. ಬಣ್ಣವೂ ಸರಿಯಿತು.

ಅಕ್ಕ ಬಯ್ಯುತ್ತಾಳೆ ಎಂದುಕೊಂಡು ಸ್ಪ್ರಿಂಗ್ ಕಣ್ಣು ಮುಚ್ಚಿದಳು. ಬಯ್ದಿದ್ದರೇ ಚೆನ್ನಾಗಿತ್ತು. ಅಕ್ಕ ನೆಲದ ಮೇಲೆ ಹಾಗೇ ಕೂತು, ಕ್ಲೇ ಮೆತ್ತಿದ ಬೆರಳುಗಳನ್ನು ನೋಡಿಕೊಂಡಳು. "ಕಪ್ಪು ಯಾಕೆ ಅಂತ ನಾನು ನಿಂಗೆ ಹೇಳ್ಬೇಕಿತ್ತು," ಅಂದಳು, ಅಷ್ಟೇ.

ಸೋಮವಾರ ಬೆಳಗ್ಗೆ ಬೂತು ಬೇರೆಯವರ ಪಾಲು. ಒಬ್ಬ ಉದ್ದನೆಯ ಹುಡುಗ ತನ್ನ ರಟ್ಟಿನ ಮನೆಗಳನ್ನು ಆಗಲೇ ಪರದೆಯ ಹೊರಗೆ ಜೋಡಿಸಿಟ್ಟಿದ್ದ. ಎಲ್ಲವನ್ನೂ ಮತ್ತೆ ತೆಗೆಯಲು ಉಳಿದದ್ದು ಭಾನುವಾರ ಒಂದೇ. ಈ ತುಣುಕು ಇಲ್ಲದಿದ್ದರೆ ಕತೆಯೇ ಇಲ್ಲ, ಕತೆಯಿಲ್ಲದಿದ್ದರೆ ಶೋನಲ್ಲಿ ಅಕ್ಕನ ಸಿನಿಮಾ ಇಲ್ಲ.

ಆ ರಾತ್ರಿ ಸ್ಪ್ರಿಂಗ್‌ಗೆ ಊಟ ಸೇರಲಿಲ್ಲ. "ಏನಾಯ್ತೇ ನಮ್ಮ ಸ್ಪ್ರಿಂಗ್‌ಗೆ? ತುಕ್ಕು ಹಿಡೀತಾ?" ಎಂದು ಅಪ್ಪ ಕೆಣಕಿದ. ಅವಳು ನಗಲಿಲ್ಲ. ಅಪ್ಪನೂ ಲಿಫ್ಟ್ ರಿಪೇರಿ ಮಾಡುವವನೇ. ಆದರೆ ಅಕ್ಕನ ಸಿನಿಮಾದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಶೋನಲ್ಲೇ ನೋಡಲಿ ಎಂದು ಅಕ್ಕ ಅವನಿಗೆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಬೆಳಗ್ಗೆ ಸ್ಪ್ರಿಂಗ್ ಮುಸುಕು ಹೊದ್ದು ಮಲಗಿಯೇ ಇದ್ದಳು. ಮುಖದ ಮೇಲೆ ಏನೋ ದೊಪ್ಪನೆ ಬಿತ್ತು. ಕಪ್ಪು ಶರ್ಟು.

"ಏಳು, ಬಸ್ ಹೋಗತ್ತೆ."

"ನಾನಾ? ನಾನು ಬೇಡ ಅಂತ..."

"ಎಲ್ಲಿ ಬಾಗಿದ್ರೆ ಏನಾಗತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಕ್ಕ ಬಾಚಣಿಗೆ ಎಸೆದಳು. "ಆದ್ರೆ ಇವತ್ತು ಅಲ್ಲಾಡಿದ್ರೆ ನಿನ್ನನ್ನೂ ತಂತಿ ಹಾಕಿ ನಿಲ್ಲಿಸ್ತೀನಿ."

ಆ ದಿನ ಸ್ಪ್ರಿಂಗ್ ನಿಂತಳು.

ನಿಲ್ಲುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ನಿಂತ ಕೂಡಲೇ ಮೂಗು ತುರಿಸಿತು. ಮೂಗನ್ನು ಸಹಿಸಿಕೊಂಡರೆ ಹಿಮ್ಮಡಿ ತುರಿಸಿತು. ಬೆನ್ನ ಮೇಲೆ ಬೆವರು ಇರುವೆಯ ಹಾಗೆ ಇಳಿಯಿತು. ಪಾರಿವಾಳ ಏನು ಮಾಡುತ್ತಿದೆ ಎಂದು ಇಣುಕಲು ಕಾಲು ತಾನಾಗಿಯೇ ಮುಂದೆ ಹೊರಟಿತು. ಅವಳು ಹೆಬ್ಬೆರಳನ್ನು ಚಪ್ಪಲಿಗೆ ಒತ್ತಿ ಹಿಡಿದಳು.

"ಒತ್ತು."

ಕ್ಲಿಕ್.

ಇಣುಕದೆ ನಿಂತಾಗ ಅವಳಿಗೆ ಅಕ್ಕನ ಕೈ ಕಂಡಿತು. ಇಷ್ಟು ದಿನ ಅವಳು ಗೊಂಬೆಯನ್ನಷ್ಟೇ ನೋಡಿದ್ದಳು. ಗೊಂಬೆಯನ್ನು ಮುಟ್ಟುವ ಮೊದಲು ಅಕ್ಕ ತನ್ನ ಕತ್ತನ್ನೇ ಒಮ್ಮೆ ತಿರುಗಿಸಿ ನೋಡುತ್ತಿದ್ದಳು. ಕತ್ತು ತಿರುಗುವ ಮೊದಲು ಕಣ್ಣು ತಿರುಗುತ್ತದೆ. ಕಣ್ಣಾದ ಮೇಲೆ ಹುಬ್ಬು. ಆಮೇಲೆ ಎಡಗಿವಿ ಲಿಫ್ಟಿನ ಕಡೆ ವಾಲುತ್ತದೆ. ಹಾಗೆ ಕಿವಿಗೊಟ್ಟು ಕೇಳುವವನು ಮನೆಯಲ್ಲೇ ಇದ್ದಾನೆ. ಫ್ಯಾನ್ ಕೆಟ್ಟರೂ ಮಿಕ್ಸಿ ಕೆಟ್ಟರೂ ಅಪ್ಪ ಮೊದಲು ಕಿವಿಯನ್ನೇ ಇಡುವುದು. ಅಕ್ಕ ಇದನ್ನೆಲ್ಲ ಯಾವಾಗ ನೋಡಿಟ್ಟುಕೊಂಡಳು?

"ಒತ್ತೇ!"

"ಹಾಂ, ಹಾಂ." ಕ್ಲಿಕ್.

ನಡುವೆ ಪರದೆ ಸರಿಯಿತು. ಉದ್ದನೆಯ ಹುಡುಗ ತಲೆ ಹಾಕಿದ. "ಮುಗೀತಾ?" ಅವನ ಕತ್ತಿನಲ್ಲಿ ಕೆಂಪು ಮಫ್ಲರ್ ಇತ್ತು.

"ಆಚೆ! ಆಚೆ ಹೋಗಿ!" ಸ್ಪ್ರಿಂಗ್ ನಿಂತಲ್ಲಿಂದಲೇ ಕೂಗಿದಳು. "ನಿಮ್ಮ ಕೆಂಪು ನಮ್ಮ ಗೋಡೆ ಮೇಲೆ ಬೀಳತ್ತೆ!"

ಅವನು ಹೆದರಿ ತಲೆ ಹಿಂದಕ್ಕೆ ತೆಗೆದುಕೊಂಡ. "ಯಪ್ಪಾ, ಇದ್ಯಾರು? ಹೊಸ ಪ್ರಿನ್ಸಿಪಾಲಾ?" ಅನ್ನುವುದು ಹೊರಗಿನಿಂದ ಕೇಳಿಸಿತು. ಅಕ್ಕ ಗೊಂಬೆಯ ಕಡೆ ತಿರುಗಿಕೊಂಡೇ ನಕ್ಕಳು.

ಶೋ ದಿನ ಕಾಲೇಜಿನ ಗೋಡೆಗಳಲ್ಲಿ ಒಂದಿಂಚೂ ಖಾಲಿ ಇರಲಿಲ್ಲ. ಇದ್ದಿಲಿನ ಮುಖಗಳು, ಪೋಸ್ಟರುಗಳು, ಮರದ ಕುರ್ಚಿಗಳ ಡಿಸೈನು. ಅಪ್ಪ ಕೆಲಸದಿಂದ ಸೀದಾ ಬಂದಿದ್ದ, ಜೇಬಿನಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಸೋಡಾಬುಡ್ಡಿಯೂ ಅವನ ಅಮ್ಮನ ಜೊತೆ ಬಂದಿದ್ದ. ಬರಲಾರ ಎಂದುಕೊಂಡಿದ್ದ ಸ್ಪ್ರಿಂಗ್ ಅವನನ್ನು ನೋಡಿ ಅಪ್ಪನ ಬೆನ್ನ ಹಿಂದೆ ಸರಿದಳು.

ದೀಪ ಆರಿತು.

ತೆರೆಯ ಮೇಲೆ ಲಿಫ್ಟ್ ಕೆಟ್ಟು ನಿಂತಿತು. ಕ್ಲೇ ಮನುಷ್ಯ ಮೇಲೆ ಹತ್ತಿದ. ಲಿಫ್ಟಿಗೆ ಕಿವಿಯಿಟ್ಟ.

"ಇವನ್ಯಾರೋ ಕೆಲಸ ಬಲ್ಲವನೇ," ಎಂದು ಅಪ್ಪ ಪಿಸುಗುಟ್ಟಿದ. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲ, ಇವನು..." ಎಂದು ಅರ್ಧಕ್ಕೇ ನಿಲ್ಲಿಸಿದ. ಕತ್ತಲಲ್ಲಿ ಅವನ ಕೈ ತನ್ನ ಎಡಗಿವಿಯನ್ನು ಮುಟ್ಟಿ ನೋಡಿಕೊಂಡಿತು.

ಪಾರಿವಾಳ ಬಂತು. ಕ್ಲೇ ಮನುಷ್ಯನ ಕಣ್ಣು ತಿರುಗಿತು. ಆಮೇಲೆ ಹುಬ್ಬು, ಆಮೇಲೆ ಕತ್ತು. ಅವನು ಗೂಡನ್ನು ನೋಡಿದ, ಕೆಳಗೆ ಕೂಗುವ ಜನರನ್ನು ನೋಡಿದ. ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟ. ಪಾರಿವಾಳದ ಪಕ್ಕ ಕಾಲು ಮಡಚಿ ಕೂತ. ಕೆಳಗಿನ ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತತೊಡಗಿದರು. ಹೋಗುವಾಗ ಇಣುಕಿ, ಗೂಡು ಕಂಡು, ತುಟಿಯ ಮೇಲೆ ಬೆರಳಿಟ್ಟುಕೊಂಡು ಹೋದರು.

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು. ಅಪ್ಪ ಎದ್ದು ನಿಂತೇ ಬಿಟ್ಟಿದ್ದ. "ನನ್ನ ಮಗಳು ಮಾಡಿದ್ದು," ಎಂದು ಪರಿಚಯವಿಲ್ಲದ ಒಬ್ಬರಿಗೆ ಹೇಳಿದ. ಅವರು ಕೈ ಕುಲುಕಿದ ಮೇಲೆ ಇನ್ನೊಬ್ಬರಿಗೂ ಹೇಳಿದ.

ಸೋಡಾಬುಡ್ಡಿ ಕನ್ನಡಕ ಒರೆಸಿಕೊಳ್ಳುತ್ತ ಬಂದ. "ಸೂಪರಾಗಿತ್ತು ಕಣೇ. ನನ್ನ ತಮ್ಮನ ಕೈಲಿ ಇದು ಆಗಲ್ಲ ಬಿಡು." ಆಮೇಲೆ ನೆನಪಾಗಿ ಕೇಳಿದ, "ಅದ್ಸರಿ, ನಾನೂ ಇರ್ತೀನಿ ಅಂದಿದ್ದೆ. ಎಲ್ಲಿದ್ದೆ ಅದ್ರಲ್ಲಿ?"

ಮುಂದಿನವರು ನೋಡಲೆಂದು ಸಿನಿಮಾ ಮತ್ತೆ ಶುರುವಾಗಿತ್ತು. ಸ್ಪ್ರಿಂಗ್ ತೆರೆಯ ಕಡೆ ತಿರುಗಿದಳು. ಕ್ಲೇ ಮನುಷ್ಯ ಕತ್ತು ತಿರುಗಿಸುತ್ತಿದ್ದ.

"ಅವನ ಹಿಂದಿನ ಗೋಡೆ ನೋಡು," ಅಂದಳು.

ಅವನು ಕಣ್ಣು ಕಿರಿದಾಗಿಸಿ ನೋಡಿದ. "ಬರೀ ಗೋಡೆ. ಬೂದಿ ಬಣ್ಣ. ಅಲ್ಲೇನೂ ಇಲ್ವಲ್ಲ?"

"ಹೂಂ," ಅಂದಳು ಸ್ಪ್ರಿಂಗ್. ಅವಳ ಮುಖ ಅರಳಿತ್ತು. "ಏನೂ ಇಲ್ಲ ಅಲ್ವಾ?"

ಅವನಿಗೆ ಅರ್ಥವಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಆ ಶಾಂತವಾದ ಬೂದು ಗೋಡೆಯನ್ನು, ಸಿನಿಮಾ ಮುಗಿಯುವವರೆಗೆ, ನಿಂತಲ್ಲೇ ನಿಂತು ನೋಡಿದಳು.