ಎಡ ರೆಕ್ಕೆ ಮುಟ್ಟಬೇಡಿ

“ಮುಟ್ಟಬೇಡಿ!”

ಪೆಟ್ಟಿಗೆಯತ್ತ ಚಾಚಿದ ಅವಳ ಕೈ ಗಾಳಿಯಲ್ಲೇ ನಿಂತಿತು.

ಹನ್ನೊಂದು ವರ್ಷದಿಂದ ಸೋದರಮಾವನ ಈ ಕಾರ್ಯಾಗಾರದಲ್ಲಿ ಕೂತು ಹಡಗು, ರೈಲು, ವಿಮಾನ ಎಂದು ಪುಟ್ಟ ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುತ್ತಿದ್ದವಳು ಅವಳು. ಅವಳದೇ ಮೇಜಿನ ಮುಂದೆ ನಿಂತು ಅವಳಿಗೇ ಮುಟ್ಟಬೇಡಿ ಎಂದವರು ಈವರೆಗೆ ಯಾರೂ ಇರಲಿಲ್ಲ.

“ಮುಟ್ಟದೆ ಬಣ್ಣ ಹೇಗೆ ಹಚ್ಚೋದು ಸ್ವಾಮಿ? ಮಂತ್ರ ಹಾಕ್ಲಾ?”

ಎದುರಿಗಿದ್ದವನು ಪೆಚ್ಚಾದ. ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕನ್ನಡಕ ಒರೆಸುವ ಬಟ್ಟೆ. ಮುಂದಿನ ಬೀದಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಅಂಗಡಿ ಅವನದೆಂದು ಮಾವ ಆಗಲೇ ಹೇಳಿದ್ದರು. ಅವನು ಆ ಬಟ್ಟೆಯನ್ನು ತೆಗೆದು ಮುದುಡಿದ, ಬಿಡಿಸಿದ, ಮತ್ತೆ ಮುದುಡಿದ.

“ಕ್ಷಮಿಸಿ... ಅಭ್ಯಾಸ. ನಮ್ಮನೇಲಿ ಇವನ್ನ ಅಪ್ಪ ಬಿಟ್ಟು ಯಾರೂ ಮುಟ್ತಿರಲಿಲ್ಲ.”

ಪೆಟ್ಟಿಗೆಯೊಳಗೆ ಸ್ಪಂಜಿನ ಮೇಲೆ ಒಂದು ಜೆಟ್ ವಿಮಾನದ ಮಾದರಿ, ಮೂತಿ ಆಚೆಗೆ, ಹೊಟ್ಟೆ ಮೇಲಾಗಿ ಮಲಗಿತ್ತು. ಮೈತುಂಬ ಹೊಳೆಯುವ ಕಪ್ಪು. ಲೋಹದ ಬಣ್ಣ ಕೊಡುವ ಮುಂಚೆ ಹಚ್ಚುವ ತಳದ ಬಣ್ಣ ಅದು. ಹಚ್ಚಿದ ಕೈ ಸಾಮಾನ್ಯದ್ದಲ್ಲ ಎಂದು ಅವಳಿಗೆ ನೋಡುತ್ತಲೇ ತಿಳಿಯಿತು.

“ಅಪ್ಪ ನಿಜವಾದ ಜೆಟ್‌ಗಳ ತಗಡು ಕೆಲಸ ಮಾಡ್ತಿದ್ರು. ನಿವೃತ್ತಿ ಆದ್ಮೇಲೆ ಮನೇಲಿ ಇವನ್ನ ಮಾಡ್ತಾ ಕೂತ್ರು. ಇದು ಕೊನೇದು. ಬೆಳ್ಳಿ ಬಣ್ಣ ಬರೋದೊಂದು ಬಾಕಿ ಇತ್ತು... ಅಷ್ಟರಲ್ಲಿ ಅವರೇ ಹೋಗ್ಬಿಟ್ರು.”

ಅವಳ ತಮಾಷೆ ಅಲ್ಲಿಗೇ ನಿಂತಿತು. “ಮುಗಿಸಿ ಕೊಡ್ತೀನಿ,” ಎಂದಳು ಮೆಲ್ಲಗೆ.

“ಒಂದೇ ಒಂದು ವಿಷಯ.” ಅವನು ಜೇಬಿನಿಂದ ಚೀಟಿಯೊಂದನ್ನು ತೆಗೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ. ದುಂಡಗಿನ ಅಕ್ಷರ, ಕೆಳಗೆ ಎರಡು ಗೆರೆ. *ಎಡ ರೆಕ್ಕೆ ಮುಟ್ಟಬೇಡಿ.* “ಬಣ್ಣ ಹಚ್ಚಿ. ಆದರೆ ಉಜ್ಜಬೇಡಿ, ಸರಿ ಮಾಡಬೇಡಿ. ಈಗ ಹೇಗಿದೆಯೋ ಹಾಗೇ ಇರ್ಲಿ.”

“ಯಾಕೆ?”

ಅವನು ಬಾಯಿ ತೆರೆದ. ಕಣ್ಣು ತುಂಬಿತು. “ಹಾಗೇ ಇರ್ಲಿ,” ಎಂದಷ್ಟೇ ಹೇಳಿ ಸರಸರನೆ ಹೊರಟುಹೋದ.

ಇನ್ನೊಮ್ಮೆ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಣ್ಣು ತುಂಬಿಕೊಂಡ ಗಂಡಸನ್ನು ಎರಡನೇ ಸಲ ‘ಯಾಕೆ’ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

*

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನ ಅವನು ಬರತೊಡಗಿದ. ಮೇಜಿನಿಂದ ಎರಡು ಹೆಜ್ಜೆ ದೂರ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದ.

“ಮೇಷ್ಟ್ರ ಮುಂದೆ ನಿಂತ ಹಾಗೆ ಯಾಕೆ ನಿಲ್ತೀರಾ? ಕೂತ್ಕೊಳ್ಳಿ.”

“ಅಪ್ಪನ ಕೋಣೇಲಿ ಹೀಗೇ ನಿಲ್ಲಬೇಕಿತ್ತು. ಕಪಾಟಿನ ತುಂಬ ನಲವತ್ತೆರಡು ವಿಮಾನ ಇವೆ. ಒಂದನ್ನೂ ನಾನು ಮುಟ್ಟಿಲ್ಲ. ಬಾಗಿಲಿಗೆ ಬಂದ್ರೆ ಸಾಕು, ‘ಮುಟ್ಟಬೇಡ’ ಅನ್ನೋರು. ನನ್ನ ಹೆಸರಿಗಿಂತ ಆ ಮಾತನ್ನೇ ಜಾಸ್ತಿ ಸಲ ಹೇಳಿರ್ಬೇಕು.”

ನಗುತ್ತಲೇ ಹೇಳಿದ. ಅವಳಿಗೆ ಮಾತ್ರ ನಗು ಬರಲಿಲ್ಲ.

*ಅಯ್ಯೋ ಪಾಪ... ಇಷ್ಟು ದೊಡ್ಡವನಾದರೂ ಆ ಕೈಗಳು ಇನ್ನೂ ಬೆನ್ನ ಹಿಂದೆಯೇ ಇವೆಯಲ್ಲ!*

ಎರಡನೇ ಶನಿವಾರ ಅವನು ಅಂಜುತ್ತಾ ಕೇಳಿದ. “ಬೆಳ್ಳಿ ಬಣ್ಣ ಬಂದ್ಮೇಲೆ ಕೆಳಗಿರೋದೆಲ್ಲ ಮುಚ್ಚಿಹೋಗುತ್ತಾ?”

“ಬೇರೆ ಬಣ್ಣ ಮುಚ್ಚುತ್ತೆ. ಲೋಹದ ಬಣ್ಣ ಮಾತ್ರ ಚಾಡಿಕೋರ! ಕೆಳಗೆ ಕೂದಲೆಳೆಯಷ್ಟು ಗೀರಿದ್ರೂ ಎತ್ತಿ ತೋರಿಸುತ್ತೆ.”

“ಹೌದಾ? ಹಾಗಾದ್ರೆ ಒಳ್ಳೇದಾಯ್ತು!” ಅವನ ಮುಖ ಅರಳಿತು.

ಗೀರು ಕಂಡರೆ ಒಳ್ಳೆಯದೇ? ಅವಳಿಗೆ ಅರ್ಥವಾಗಲಿಲ್ಲ. *ನನ್ನ ಕೈಗೆಲಸದ ಮೇಲೆ ಅಷ್ಟು ನಂಬಿಕೆ ಇರಬೇಕು,* ಎಂದುಕೊಂಡಳು. ಮನಸ್ಸು ಒಬ್ಬರ ಕಡೆ ವಾಲಿದ ಮೇಲೆ ಅವರಾಡಿದ ಮಾತೆಲ್ಲ ನಮ್ಮ ಹೊಗಳಿಕೆಯಂತೆಯೇ ಕೇಳಿಸುತ್ತದೆ!

“ಏನಮ್ಮಾ, ಶನಿವಾರ ಬಂದ್ರೆ ಒಗೆದ ಏಪ್ರನ್ನೇ ಬೇಕಾ?” ಮಾವ ಮೂಲೆಯಿಂದ ಕಿಚಾಯಿಸಿದರು.

“ಹಳೇದಕ್ಕೆ ಬಣ್ಣ ಆಗಿತ್ತು ಮಾವ.”

“ಕೆನ್ನೆಗೂ ಆಗಿದೆ. ಕೆಂಪು. ಒರೆಸ್ಕೋ.”

ಆ ವಾರ ಅವಳು ಒಂದು ಚುಕ್ಕೆಯೂ ಉಳಿಯಬಾರದೆಂದು ಹಟ ಹಿಡಿದು ಕೂತಳು. ಎಡ ರೆಕ್ಕೆಯನ್ನು ಮುಟ್ಟಲಿಲ್ಲ. ಅದರ ಮೇಲೆ ಧೂಳಿನ ಒಂದು ಕಣ ಬಿಟ್ಟರೆ ಏನೂ ಇರಲಿಲ್ಲ, ಅದನ್ನೂ ಹಾಗೇ ಬಿಟ್ಟಳು. ಬಲ ರೆಕ್ಕೆಯ ಕೆಳಮೈಯಲ್ಲಿ ಮಾತ್ರ ಬಣ್ಣ ಹಸಿಯಿದ್ದಾಗ ಯಾರೋ ಬೆರಳೂರಿದ ಗುರುತು ಸ್ಪಷ್ಟವಾಗಿತ್ತು.

“ಯಾರಪ್ಪಾ ಈ ಹೆಬ್ಬೆಟ್ಟು! ಹಸಿ ಬಣ್ಣ ಮುಟ್ಟಬಾರದು ಅಂತ ಗೊತ್ತಿಲ್ವಾ?” ಎಂದು ತಾನೇ ನಕ್ಕಳು. ರೂಢಿಯಂತೆ ಒಂದು ಫೋಟೊ ತೆಗೆದಳು. ಆಮೇಲೆ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಏನೋ ಹಾಡು ಗುನುಗುತ್ತಾ ಉಜ್ಜಿದಳು. ಹತ್ತು ನಿಮಿಷದಲ್ಲಿ ಗುರುತು ಮಾಯವಾಯಿತು.

*

ಮೂರನೇ ಶನಿವಾರ. ಪೆಟ್ಟಿಗೆಯಲ್ಲಿ ಬೆಳ್ಳಿ ಬಣ್ಣಕ್ಕೆ ಸಿದ್ಧವಾಗಿ ಮಲಗಿದ್ದ ವಿಮಾನದ ಮೇಲಿನ ಬಟ್ಟೆಯನ್ನು ಅವಳು ಸಂಭ್ರಮದಿಂದ ಸರಿಸಿದಳು.

ಅವನು ಬಗ್ಗಿ ನೋಡಿದ. ಮುಖದ ಮೇಲಿದ್ದ ನಗು ಹಾಗೇ ಇಳಿದುಹೋಯಿತು.

“ಇಲ್ಲಿ... ಇಲ್ಲಿತ್ತಲ್ಲ?”

“ಏನು?”

“ನಮ್ಮಪ್ಪನ ಹೆಬ್ಬೆಟ್ಟು.”

ಅವಳು ಬಟ್ಟೆಯನ್ನು ಕೆಳಗಿಟ್ಟು ತಾನೂ ಬಗ್ಗಿ ನೋಡಿದಳು.

“ಇದನ್ನ ಎತ್ತೋಕೆ ಹೋಗಿ ಅಪ್ಪ ಹಸಿ ಬಣ್ಣದ ಮೇಲೆ ಬೆರಳು ಊರಿಬಿಟ್ರು. ನಾನು ಬಾಗಿಲಲ್ಲಿ ನಿಂತಿದ್ದೆ. ಬೈತಾರೆ ಅಂದ್ಕೊಂಡೆ. ‘ನೋಡೋ, ಜೀವನ ಪೂರ್ತಿ ಮುಟ್ಟಬೇಡ ಅಂದೋನು ನಾನೇ ಮುಟ್ಟಿಬಿಟ್ಟೆ’ ಅಂತ ನಕ್ರು. ನನ್ನ ಮುಖ ನೋಡಿ ಅಪ್ಪ ಹಾಗೆ ನಕ್ಕಿದ್ದು ಅದೊಂದೇ ಸಲ. ಮಾರನೇ ದಿನ ಅವರಿರಲಿಲ್ಲ.”

“ಆದರೆ... ನೀವು ಎಡ ರೆಕ್ಕೆ ಅಂದ್ರಿ! ನಾನು ಎಡ ರೆಕ್ಕೆಗೆ ಕೈ ಕೂಡ ಹಚ್ಚಿಲ್ಲ!”

“ಇದು ಎಡ ಅಲ್ವಾ?” ಅವನು ಮುಚ್ಚಳದ ಚೀಟಿಯತ್ತ ಬೆರಳು ತೋರಿಸಿದ. “ನಿಮಗೆ ಓದೋಕೆ ಬರುತ್ತೆ ಅಂದ್ಕೊಂಡಿದ್ದೆ.”

ವಿಮಾನವನ್ನು ಅಲ್ಲೇ ಬಿಟ್ಟು ಅವನು ಹೊರಟುಹೋದ. ಅವಳು ಕೂಗಲೂ ಇಲ್ಲ, ಅಳಲೂ ಇಲ್ಲ. ಮಾಡದ ತಪ್ಪಿಗೆ ಇಷ್ಟು ದೊಡ್ಡ ಮಾತೇ! ಸಿಟ್ಟು ನೆತ್ತಿಗೇರಿತು.

“ಮಾವ, ನೀವೇ ಹೇಳಿ. ಇದ್ರಲ್ಲಿ ಎಡ ಯಾವುದು?”

ಮಾವ ಎದ್ದು ಬಂದರು. “ಇದೇನು ಕೇಳೋದು? ವಿಮಾನದಲ್ಲಿ ಕೂತು ಓಡಿಸೋನ ಎಡವೇ ಎಡ. ನಾವು ಎಲ್ಲಿ ನಿಂತ್ರೂ, ಅದು ಹೇಗೆ ಮಲಗಿದ್ರೂ ಅಷ್ಟೇ.” ಆಮೇಲೆ ಪೆಟ್ಟಿಗೆಯನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು. “ಆದ್ರೆ ಇದು ಮೂತಿ ಆಚೆಗೆ, ಹೊಟ್ಟೆ ಮೇಲಾಗಿ ಮಲಗಿದೆ ನೋಡು. ಕೆಲಸ ಗೊತ್ತಿಲ್ಲದವರು ನಿಂತು ನೋಡಿದ್ರೆ... ಅವರ ಎಡಕ್ಕೆ ಕಾಣೋದು ಇದರ ಬಲ.”

ಅವಳು ಮುಚ್ಚಳದ ಚೀಟಿಯನ್ನು ಮತ್ತೊಮ್ಮೆ ಓದಿದಳು.

ಈ ಕೆಲಸಕ್ಕೆ ಬಂದ ಮೊದಲ ದಿನವೇ ಕಲಿತ ಮಾತು ಅದು. ಎಷ್ಟು ರಕ್ತಗತವಾಗಿತ್ತೆಂದರೆ, ಗೊತ್ತಿಲ್ಲದವರೂ ಇರುತ್ತಾರೆ ಎನ್ನುವುದೇ ಮರೆತುಹೋಗಿತ್ತು. ಅವನಿಗೆ ಯಾರು ಹೇಳಿಕೊಡಬೇಕಿತ್ತು? ಮನೆಯಲ್ಲಿ ನಲವತ್ತೆರಡು ವಿಮಾನಗಳಿದ್ದರೂ ಒಂದನ್ನೂ ಕೈಯಲ್ಲಿ ಹಿಡಿಯದೆ ಬೆಳೆದವನು!

*ಯಾರಪ್ಪಾ ಈ ಹೆಬ್ಬೆಟ್ಟು...* ತನ್ನದೇ ಮಾತು ಕಿವಿಯಲ್ಲಿ ಮೊಳಗಿತು. ಆಗ ಅವಳಿಗೆ ಅಳು ಬಂತು. ಏಪ್ರನ್ನಿನ ಅಂಚನ್ನು ಬಾಯಿಗೊತ್ತಿಕೊಂಡು ಅತ್ತಳು.

ಭಾನುವಾರವಿಡೀ ಆ ಫೋಟೊ ಮುಂದಿಟ್ಟುಕೊಂಡು ಕೂತಳು. ಸೂಜಿಯ ತುದಿಯಿಂದ ಅದೇ ಗೆರೆಗಳನ್ನು ರೆಕ್ಕೆಯ ಮೇಲೆ ಮತ್ತೆ ಮೂಡಿಸಲು ನೋಡಿದಳು. ಆರು ಗೆರೆ ಬಂದವು, ಥೇಟ್ ಹಾಗೇ ಬಂದವು. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

*ಆದರೆ ನನಗೆ ಗೊತ್ತಿರುತ್ತದಲ್ಲ!* ಸೂಜಿ ಕೆಳಗಿಟ್ಟಳು. ಆ ಆರು ಗೆರೆಗಳನ್ನೂ ಉಜ್ಜಿ ತೆಗೆದಳು.

*

ಸೋಮವಾರ ಬೆಳಿಗ್ಗೆ ಅವಳು ಅವನ ಅಂಗಡಿಯ ಬಾಗಿಲು ತಳ್ಳಿದಳು.

“ಏನು ಬೇಕಿತ್ತು?” ಅವನು ತಲೆ ಎತ್ತಲಿಲ್ಲ.

“ಕಣ್ಣು ಪರೀಕ್ಷೆ.”

ಇಲ್ಲ ಎನ್ನುವಂತಿರಲಿಲ್ಲ. ಕುರ್ಚಿ ತೋರಿಸಿದ. ಎದುರಿಗೆ ಬಂದು ನಿಂತು ಒಣ ದನಿಯಲ್ಲಿ ಹೇಳಿದ. “ಎಡಗಣ್ಣು ಮುಚ್ಕೊಳ್ಳಿ.”

“ಯಾರ ಎಡ?”

“ನಿಮ್ಮ ಎಡ. ಎದುರಿಗೆ ಕೂತವರ ಎಡ ನನಗೆ...”

ಮಾತು ನಿಂತಿತು. ಕೈಯಲ್ಲಿದ್ದ ಮಸೂರವೂ ನಿಂತಿತು.

“ಬಲ,” ಎಂದಳು ಅವಳು. “ಆ ವಿಮಾನ ಅಂಗಾತ ಮಲಗಿತ್ತು. ನಿಮಗೆ ಎಡ ಆಗಿದ್ದು ಅದಕ್ಕೆ ಬಲ.”

ಅವನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ. ದಿನಕ್ಕೆ ಇಪ್ಪತ್ತು ಸಲ ಎಡಗಣ್ಣು, ಬಲಗಣ್ಣು ಎನ್ನುವವನು!

“ಹಾಗಾದ್ರೆ ಅಳಿಸಿದ್ದು ನಾನೇ.”

“ಚೀಟಿ ನಿಮ್ಮದು. ಉಜ್ಜಿದ ಕೈ ನಂದು. ನಗ್ತಾ ಉಜ್ಜಿದೆ ನಾನು, ಹಾಡ್ಕೊಂಡು ಉಜ್ಜಿದೆ... ನನ್ನ ಕ್ಷಮಿಸಿ.”

“ನಾನೊಂದು ಮಾತು ಬಿಡಿಸಿ ಹೇಳಿದ್ರೆ...”

“ನಾನೊಂದು ಮಾತು ಬಿಡದೆ ಕೇಳಿದ್ರೆ...”

ಅವಳು ಚೀಲದಿಂದ ಫೋಟೊ ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಈ ಅಡ್ಡ ಗೀರು... ತಗಡು ಕುಯ್ದ ಗಾಯ. ನಾನು ಹುಟ್ಟೋಕೆ ಮುಂಚಿಂದು.” ಅವನ ಕಣ್ಣು ತುಂಬಿ ಬಂತು. “ಓದೋಕೆ ಬರಲ್ಲ ಅನ್ನೋ ಹಾಗೆ ಅಂದ್ಬಿಟ್ಟೆ ನಿಮಗೆ. ಅದನ್ನ ಹೇಗೆ ಅಳಿಸ್ಲಿ?”

“ನಾಳೆ ಮಧ್ಯಾಹ್ನ ಬನ್ನಿ,” ಎಂದಳು ಅವಳು. “ಆ ರೆಕ್ಕೆಗೆ ಹೊಸದಾಗಿ ಕಪ್ಪು ಹಚ್ಚಿರ್ತೀನಿ.”

*

ಅವನು ಬಂದಾಗ ಬಣ್ಣ ಅರೆ ಒಣಗಿತ್ತು. ಮಾವ ಯಾಕೋ ಇದ್ದಕ್ಕಿದ್ದಂತೆ ಚಹಾ ಕುಡಿಯಲು ಹೊರಟರು.

“ನಕಲು ಮಾಡೋಕೆ ನೋಡ್ದೆ. ಮನಸ್ಸು ಒಪ್ಪಲಿಲ್ಲ,” ಎಂದಳು ಅವಳು. “ಅಪ್ಪಂದು ನನ್ನ ಕೈಲಿ ವಾಪಸ್ ತರೋಕಾಗಲ್ಲ. ಆ ಜಾಗ ಖಾಲಿ ಬಿಡೋಕೂ ಆಗ್ತಿಲ್ಲ. ನೀವು ಒತ್ತಿ.”

“ನಾನಾ?”

ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.

“ಬೇಡ... ಹಾಳಾಗುತ್ತೆ. ಅಪ್ಪ ಇದ್ದಿದ್ರೆ...”

“ಅಪ್ಪ ಅವತ್ತು ನಕ್ಕರಲ್ಲ? ಒಳಗೆ ಬಾ ಅಂತ ಬಾಯಿ ಬಿಟ್ಟು ಹೇಳೋಕೆ ಬರಲಿಲ್ಲ ಅವರಿಗೆ. ಅದಕ್ಕೇ ನಕ್ಕರು ಅನ್ಸುತ್ತೆ ನನಗೆ.” ಅವಳ ದನಿ ತೀರಾ ಮೆತ್ತಗಾಯಿತು. “ಮುಟ್ಟಿ.”

ಅವನ ಬಲಗೈ ನಿಧಾನವಾಗಿ ಮುಂದೆ ಬಂತು. ರೆಕ್ಕೆಯ ಮೇಲೆ ಒಂದು ಕ್ಷಣ ತಡೆಯಿತು. ಆಮೇಲೆ ಹೆಬ್ಬೆರಳು ಕೆಳಗಿಳಿಯಿತು.

ಯಾರೂ ಬೈಯಲಿಲ್ಲ.

ಕಪ್ಪಾದ ಬೆರಳನ್ನು ಎತ್ತಿ ನೋಡಿಕೊಂಡು ಅವನು ಮಗುವಿನಂತೆ ಬಿಕ್ಕಿದ. ಅಪ್ಪ ಸತ್ತಾಗಲೂ ಅವನು ಹೀಗೆ ಅತ್ತಿರಲಿಲ್ಲ. ಅವಳು ಪಕ್ಕದಲ್ಲೇ ನಿಂತಳು.

*

ಬೆಳ್ಳಿ ಬಣ್ಣ ಮುಗಿಯಲು ಇನ್ನೂ ಮೂರು ವಾರ ಹಿಡಿಯಿತು. ಒಂದೊಂದು ತಗಡಿಗೆ ಒಂದೊಂದು ಛಾಯೆ, ಬಾಲದ ಬಳಿ ಬೆಂಕಿಗೆ ಕಾದ ಲೋಹದ ತೆಳು ನೀಲಿ. ಅವಳು ವಿಮಾನವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ರೆಕ್ಕೆಯ ಕೆಳಮೈಯಲ್ಲಿ ಹೆಬ್ಬೆರಳಿನ ಗೆರೆಗಳು ಒಂದೊಂದಾಗಿ ಎದ್ದು ಕಂಡವು.

“ಅಪ್ಪಂದೂ ಹೀಗೇ ಇತ್ತು,” ಎಂದ ಅವನು ಪಿಸುದನಿಯಲ್ಲಿ. “ಇದರಲ್ಲಿ ಗಾಯದ ಗೀರು ಮಾತ್ರ ಇಲ್ಲ.”

“ತಗೊಂಡು ಹೋಗಿ,” ಎಂದಳು. *ಇನ್ನು ಶನಿವಾರಗಳಿಲ್ಲ...*

ಅವನು ತೆಗೆದುಕೊಳ್ಳಲಿಲ್ಲ.

“ಮನೇಲಿ ನಲವತ್ತೆರಡು ವಿಮಾನ ಧೂಳು ಹಿಡಿದಿವೆ. ಒರೆಸಬೇಕು. ಮುಟ್ಟೋಕೆ ಈಗ ಧೈರ್ಯ ಬಂದಿದೆ. ಆದರೆ ಆ ಕೋಣೆಗೆ ಒಬ್ಬನೇ ಹೋಗೋಕೆ ಇಷ್ಟ ಇಲ್ಲ. ಯಾವ ಕೋಣೆಗೂ ಇಷ್ಟ ಇಲ್ಲ, ನೀನು ಜೊತೆಗಿಲ್ಲದೆ.” ಮೊದಲ ಸಲ ‘ನೀನು’ ಎಂದಿದ್ದ. “ಕೈ ಕೊಡ್ತೀಯಾ?”

“ಇಲ್ಲ.”

ಅವನ ಮುಖ ಸಪ್ಪಗಾಯಿತು.

“ಕೈ ಕೊಡೋ ಪೈಕಿ ಅಲ್ಲ ನಾನು.” ಅವಳ ಕಣ್ಣು ಹನಿಗೂಡಿತ್ತು, ತುಟಿಯಲ್ಲಿ ನಗುವಿತ್ತು. “ಬೇಕಾದ್ರೆ ನೀನೇ ಹಿಡ್ಕೋ.”

“ಯಾವ ಕೈ?”

“ಎಡಗೈ.”

ಎದುರು ನಿಂತಿದ್ದವನು ತನ್ನ ಎಡಕ್ಕೆ ಕೈ ಚಾಚಿದ. ಅರ್ಧದಲ್ಲೇ ತಡೆದ. ನಕ್ಕು, ಅವಳ ಎಡಬದಿಗೆ ಬಂದು, ಬಣ್ಣ ಮೆತ್ತಿದ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

“ನಿನ್ನ ಎಡ,” ಎಂದ.